ಕೈ ಮುಟ್ಟದೆ ಕಾದ ಒಲೆ

“ಬೇಡ ಕಣೇ, ಅದನ್ನ ಆನ್ ಮಾಡ್ಬೇಡ,” ಎಂದಳು ಅಕ್ಕ.

ನನ್ನ ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತು. ಈ ಒಂದು ಅವಕಾಶಕ್ಕಾಗಿ ಮ್ಯಾನೇಜರ್ ಹತ್ತಿರ ಗೋಗರೆದಿದ್ದೆ, ಜಗಳವಾಡಿದ್ದೆ, ನಾಚಿಕೆ ಬಿಟ್ಟು ಕಣ್ಣೀರೂ ಹಾಕಿದ್ದೆ. ಕೊನೆಗೆ ಅವರು ಒಪ್ಪಿದ್ದು ಹೀಗೆ: ಒಂದೇ ಸಲ, ಮೀಟಿಂಗ್ ರೂಮಿನಲ್ಲಿ, ಅವರ ಕಣ್ಣೆದುರಿಗೆ, ಕಿಟಕಿಗಳನ್ನೆಲ್ಲ ತೆರೆದಿಟ್ಟು. ಇಷ್ಟೆಲ್ಲ ಆದ ಮೇಲೆ ಬೇಡ ಅಂದರೆ?

“ಯಾಕಕ್ಕಾ?”

“ಸುಮ್ನೆ. ಯಾಕೋ ಭಯ ಆಗ್ತಿದೆ.”

ಭಯ ನನಗೂ ಇತ್ತು. ಊಟದ ಹೊತ್ತು ಕಳೆಯುತ್ತಿದ್ದಂತೆ ಇನ್ಸ್‌ಪೆಕ್ಟರ್ ಬರುತ್ತಾರೆ, ಮ್ಯಾನೇಜರ್ ದೂರಿನಲ್ಲಿ ಅಕ್ಕನ ಹೆಸರು ಬರೆದುಕೊಡುತ್ತಾರೆ, ಅಕ್ಕ ಜೀಪು ಹತ್ತುತ್ತಾಳೆ. ಇದು ಬೆಳಿಗ್ಗೆಯೇ ನಿಶ್ಚಯವಾಗಿಹೋಗಿತ್ತು. ಅಷ್ಟರೊಳಗೆ ಈ ಡಬ್ಬ ಬಾಯಿ ಬಿಟ್ಟರೆ ಸರಿ, ಇಲ್ಲದಿದ್ದರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ಮೇಜಿನ ಮೇಲಿದ್ದದ್ದು ಹೊಲಿಗೆ ಯಂತ್ರದಷ್ಟು ದೊಡ್ಡದಾದ ಬೂದು ಬಣ್ಣದ ಡಬ್ಬ. ಒಳಗೊಂದು ಲೋಹದ ಗಟ್ಟಿ, ಗಟ್ಟಿಯ ನೆತ್ತಿಯ ಮೇಲೆ ಸಾಲಾಗಿ ತೂತುಗಳು. ಇಷ್ಟು ಬಿಸಿಯಾಗು ಎಂದರೆ ಅಷ್ಟೇ ಬಿಸಿಯಾಗಿ ನಿಲ್ಲುತ್ತದೆ. ಆ ತೂತುಗಳಿಗೆ ಥರ್ಮಾಮೀಟರ್ ಇಳಿಬಿಟ್ಟು, ಅದು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ನೋಡುತ್ತಾರೆ. ಅಕ್ಕನ ಆಫೀಸಿನ ಕೆಲಸವೇ ಅದು. ಇಲ್ಲಿ ಎಲ್ಲರೂ ಈ ಡಬ್ಬವನ್ನು ಒಲೆ ಎಂದೇ ಕರೆಯುತ್ತಾರೆ.

ಮೊನ್ನೆ ಈ ಒಲೆಯಲ್ಲಿ ಜ್ವರ ನೋಡುವ ಗಾಜಿನ ಥರ್ಮಾಮೀಟರುಗಳು ಒಡೆದು, ಪಾದರಸ ಆವಿಯೆದ್ದು, ಮುಚ್ಚಿದ ಕೋಣೆಯಲ್ಲಿ ಕೂತಿದ್ದ ಮಾಸ್ತರು ಉಸಿರು ಕಟ್ಟಿ ಬಿದ್ದಿದ್ದರು. ಅಕ್ಕನಿಗೆ ಈ ಕೆಲಸ ಕಲಿಸಿದ ಮಾಸ್ತರು. ಈಗ ಆಸ್ಪತ್ರೆಯಲ್ಲಿ ಬಾಯಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾರೆ. ಅಂದು ಒಲೆ ಹಚ್ಚಿಟ್ಟು, ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದವಳು ಅಕ್ಕ.

ಸ್ವಿಚ್ ಒತ್ತಿದೆ.

ಒಳಗೆ ಫ್ಯಾನು ಗುಂಯ್‌ಗುಟ್ಟಿತು. ಪುಟ್ಟ ಗಾಜಿನ ಮೇಲೆ, ಕೊನೆಯ ಸಲ ಇಟ್ಟಿದ್ದ ಬಿಸಿಯ ಹಸಿರು ಅಂಕಿಗಳು ಎದ್ದವು: 98.6. ಅದರ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಒಂದೇ ಒಂದು ಅಕ್ಷರ. ಸೆಲ್ಸಿಯಸ್‌ನ ಅಕ್ಷರ.

“ನೋಡಿ!” ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದರು. “ನಾನು ಹೇಳಿರಲಿಲ್ವಾ? ಫ್ಯಾರನ್‌ಹೀಟ್‌ನಲ್ಲಿ ಇಡಬೇಕಾದದ್ದು. ನಿಮ್ಮಕ್ಕ ಅದನ್ನ ಬದಲಾಯಿಸೋದೇ ಮರೆತು ನಂಬರ್ ಒತ್ತಿ ಹೋಗಿದ್ದಾರೆ.”

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನುವಂತಿರಲಿಲ್ಲ. ಫ್ಯಾರನ್‌ಹೀಟ್‌ನಲ್ಲಿ 98.6 ಎಂದರೆ ಆರೋಗ್ಯವಂತರ ಮೈಬಿಸಿ. ಸೆಲ್ಸಿಯಸ್‌ನಲ್ಲಿ ಅದೇ ಅಂಕಿ ಎಂದರೆ ನೀರು ಕುದಿಯುವುದಕ್ಕೆ ಇನ್ನೇನು ಕೂದಲೆಳೆಯಷ್ಟು ಕಡಿಮೆ. ಜ್ವರದ ಥರ್ಮಾಮೀಟರನ್ನು ಅದರಲ್ಲಿಟ್ಟರೆ ಒಡೆಯದೆ ಇನ್ನೇನಾಗುತ್ತದೆ?

“ನಾನು ಮರೆತಿಲ್ಲ ಸರ್,” ಎಂದಳು ಅಕ್ಕ. “ಫ್ಯಾರನ್‌ಹೀಟ್ ಅಂತ ಕಣ್ಣಾರೆ ನೋಡಿದೀನಿ. ಬಿಸಿ ನಿಂತ ಮೇಲೇ ಥರ್ಮಾಮೀಟರ್ ಇಳಿಸಿದ್ದು. ಮಾಸ್ತರೂ ನೋಡಿದಾರೆ.”

“ಮಾಸ್ತರು ಹೇಳೋ ಸ್ಥಿತೀಲಿದಾರಾ?”

ಅಕ್ಕ ನೆಲ ನೋಡಿದಳು. ಇಂಥ ವೇಳೆಯಲ್ಲಿ ಅವಳು ನೆಲ ನೋಡುವುದು ನನಗೆ ಎಳೆತನದಿಂದಲೂ ಹಿಡಿಸದ ಅಭ್ಯಾಸ. ತಪ್ಪು ಮಾಡದೆಯೇ ತಪ್ಪಿತಸ್ಥಳಂತೆ ಕಾಣುವುದರಲ್ಲಿ ಅವಳದು ಎತ್ತಿದ ಕೈ.

ವಿಮೆ ಕಂಪನಿಗೆ ಅಪಘಾತಗಳ ತನಿಖೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಸುಟ್ಟ ಗೋದಾಮು, ಮುಗುಚಿದ ಲಾರಿ, ತಾನಾಗಿ ಬಿತ್ತು ಎನ್ನುವ ಗೋಡೆ, ಎಲ್ಲವನ್ನೂ ನೋಡಿದ್ದೇನೆ. ಅಲ್ಲಿಯಂತೆ ಇಲ್ಲೂ ವಸ್ತುವನ್ನೇ ಕೇಳೋಣವೆಂದು ಒಲೆಯ ಕೀಲಿಗಳ ಮೇಲೆ ಬೆರಳಿಟ್ಟೆ.

“ಅಕ್ಕಾ, ಸೆಲ್ಸಿಯಸ್‌ನ ಬದಲಾಯಿಸೋ ಕೀಲಿ ಯಾವುದು?”

“ಎಡಗಡೆ ಕೊನೇದು.”

ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ. ಅಕ್ಷರ ಕದಲಲಿಲ್ಲ. ಪಕ್ಕದ ಕೀಲಿ ಒತ್ತಿದೆ, ಅದರ ಪಕ್ಕದ್ದನ್ನೂ. ಬಾಗಿಲು ಹಾಕಿದ ಮನೆಯ ಗಂಟೆ ಒತ್ತಿದಂತಾಯಿತು.

“ಕೆಟ್ಟುಹೋಗಿದೆ,” ಎಂದರು ಮ್ಯಾನೇಜರ್.

ಅಕ್ಕ ಮುಂದೆ ಬಗ್ಗಿದಳು. ಕೀಲಿಗಳ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪವೊಂದು ಉರಿಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಅವಳ ಮುಖದ ಬಣ್ಣ ಇಳಿಯಿತು.

“ಕೆಟ್ಟಿಲ್ಲ ಸರ್. ಇದು ಕಂಪ್ಯೂಟರ್ ಕೈಯಲ್ಲಿದೆ.”

“ಹಾಗಂದ್ರೆ?”

“ಕಂಪ್ಯೂಟರ್‌ನಿಂದ ಇದಕ್ಕೆ ಆರ್ಡರ್ ಕೊಟ್ರೆ, ಆಮೇಲೆ ಎದುರಿನ ಕೀಲಿ ಯಾವುದೂ ಕೆಲಸ ಮಾಡಲ್ಲ. ಯಾರೋ ಬಂದು ಅಪ್ಪಿತಪ್ಪಿ ಒತ್ತಬಾರದು ಅಂತ ಹಾಗೆ ಮಾಡಿರ್ತಾರೆ. ಕರೆಂಟ್ ಹೋಗಿ ಬಂದ್ರೂ ಅಷ್ಟೇ. ಕಂಪ್ಯೂಟರ್ ಬಿಟ್ಟುಕೊಡೋವರೆಗೂ ಬೀಗ.”

ನನಗೆ ಕುಣಿಯಬೇಕು ಎನಿಸಿತು. “ಅಂದ್ರೆ ಕೊನೇ ಸಲ ಒಲೆಗೆ ಹೇಳಿದ್ದು ಕೈಯಲ್ಲ, ವೈರು!” ಎಂದೆ. “ಅಕ್ಕ ಕೀಲಿ ಒತ್ತಿ ಹೋದ್ಮೇಲೆ ಯಾರೋ ವೈರಿನಿಂದ ಅದನ್ನ ಸೆಲ್ಸಿಯಸ್‌ಗೆ ತಿರುಗಿಸಿ, ಅದೇ ನಂಬರ್ ಮತ್ತೆ ಕಳಿಸಿದಾರೆ. ನೋಡಿದವರಿಗೆ ಅಂಕಿ ಬದಲಾದ ಹಾಗೇ ಕಾಣಲ್ಲ. ಅಕ್ಕ ಮರೆತಿಲ್ಲ, ಸರ್!”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಉತ್ತರ ಹುಡುಕುವಾಗ ಮಾಡುವ ಕೆಲಸ ಅದು. ಉತ್ತರ ಬಂದದ್ದು ಬಾಗಿಲ ಕಡೆಯಿಂದ.

“ವೈರು ಎಲ್ಲಿತ್ತು ಮೇಡಮ್?”

ಪಾಸ್‌ವರ್ಡ್ ನಿಂತಿದ್ದ. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು. ಯಾರು ಏನು ಕೇಳಿದರೂ ಮೊದಲು ಪಾಸ್‌ವರ್ಡ್ ಹೇಳಿ ಎನ್ನುತ್ತಿದ್ದುದರಿಂದ ಆ ಹೆಸರು. ತೆಳ್ಳಗೆ, ಬೆಳ್ಳಗೆ, ಮಾತಿಗೆ ಬೆಲ್ಲ ಸವರಿಕೊಂಡೇ ಬರುವ ಮನುಷ್ಯ. ಒಂದು ಕಂಕುಳಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಸುತ್ತಿದ ಕೇಬಲ್. ನಾನು ಅವನಿಗೆ ಕೇಬಲ್ ತರಲು ಹೇಳಿರಲಿಲ್ಲ. ಅವನನ್ನು ಬರಲೂ ಹೇಳಿರಲಿಲ್ಲ.

“ಒಲೆಯನ್ನ ಕಂಪ್ಯೂಟರ್‌ಗೆ ಸೇರಿಸಿ ದೂರದಿಂದ ನಡೆಸೋಣ ಅಂತ ಮ್ಯಾನೇಜರ್ ಸಾಹೇಬರ ಆಸೆ,” ಎಂದ. “ಜನ ಒಲೆ ಪಕ್ಕ ಕೂತು ಬೇಯೋದು ಬೇಡ, ತಮ್ಮ ತಮ್ಮ ಕುರ್ಚಿಯಿಂದಲೇ ನೋಡ್ಕೊಳ್ಳಲಿ ಅಂತ. ನಾನು ಪ್ರಯತ್ನ ಪಟ್ಟೆ. ಒಂದು ಸಲನೂ ಒಲೆ ಉತ್ತರ ಕೊಡಲಿಲ್ಲ. ಕೈಬಿಟ್ಟೆ. ಬೇಕಾದ್ರೆ ಈಗಲೇ ನೋಡಿ.”

ಅವನೇ ಕೇಬಲ್ಲಿನ ಒಂದು ತುದಿಯನ್ನು ಒಲೆಯ ಬೆನ್ನಿಗೆ, ಇನ್ನೊಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಪರದೆಯ ಮೇಲೆ ಒಂದು ಸಾಲು ಬರೆದು ಕಳಿಸಿದ: ಈಗ ಎಷ್ಟು ಬಿಸಿ ಇದ್ದೀಯ? ಒಲೆಯ ಭಾಷೆಯಲ್ಲಿ ಆ ಪ್ರಶ್ನೆ ಎರಡು ಮೂರು ಅಕ್ಷರದ್ದು.

ಎಲ್ಲರೂ ಪರದೆಯನ್ನೇ ನೋಡಿದೆವು. ಕಡ್ಡಿಯಂಥ ಗೆರೆಯೊಂದು ಮಿಟುಕುತ್ತಿತ್ತು, ಅಷ್ಟೇ. ಇನ್ನೊಮ್ಮೆ ಕಳಿಸಿದ. ಮತ್ತೆ ಅದೇ ಮಿಟುಕು.

“ನೋಡಿದ್ರಾ? ಮೂಗ ಒಲೆ,” ಎಂದು ನಕ್ಕ. “ಕೀಲಿ ಕೆಟ್ಟಿರೋದೇ ನಿಜ ಇರ್ಬೇಕು ಸರ್.”

“ಈ ಕೇಬಲ್‌ಗೆ ಅದು ಉತ್ತರ ಕೊಡಲ್ಲ,” ಎಂದಳು ಅಕ್ಕ.

ಹೇಳಿದ ತಕ್ಷಣ ತುಟಿ ಕಚ್ಚಿಕೊಂಡಳು. ಆದರೆ ಅವಳ ಸ್ವಭಾವ ನನಗೆ ಗೊತ್ತಿಲ್ಲವೇ? ಕಣ್ಣೆದುರಿಗೆ ಯಾರಾದರೂ ಕೆಲಸವನ್ನು ತಪ್ಪಾಗಿ ಮಾಡಿದರೆ, ತಲೆ ಹೋಗುವ ಸಮಯದಲ್ಲೂ ತಿದ್ದದೆ ಇರಲಾರಳು. ಭಾವ ಮದುವೆಯಾದ ಹೊಸದರಲ್ಲಿ ಚಹಾ ಮಾಡಿ ಕೊಟ್ಟರೆ, ಕುಡಿಯುವುದಕ್ಕೆ ಮೊದಲು ಅದು ಎಷ್ಟು ಹೊತ್ತು ಕುದಿಯಬೇಕಿತ್ತು ಎಂದು ಹೇಳಿದವಳು.

“ಯಾಕೆ ಕೊಡಲ್ಲ? ಹೇಳಕ್ಕ,” ಎಂದೆ.

“ಬಿಡೇ ಈಗ.”

“ಹೇಳು ಅಂದ್ನಲ್ಲ!”

ಅಕ್ಕ ಕೇಬಲ್ಲಿನತ್ತ ಬೆರಳು ತೋರಿಸಿದಳು. “ಕೇಬಲ್ ಒಳಗೆ ಮಾತಾಡೋಕೆ ಒಂದು ತಂತಿ, ಕೇಳಿಸ್ಕೊಳ್ಳೋಕೆ ಒಂದು ತಂತಿ ಇರುತ್ತೆ. ಕಂಪ್ಯೂಟರ್ ಬಾಯಿ ಒಲೆ ಕಿವಿಗೆ ಸೇರ್ಬೇಕು, ಒಲೆ ಬಾಯಿ ಕಂಪ್ಯೂಟರ್ ಕಿವಿಗೆ. ಇದು ನೇರ ಕೇಬಲ್. ಬಾಯಿಗೆ ಬಾಯಿ, ಕಿವಿಗೆ ಕಿವಿ. ಇಬ್ಬರೂ ಒದರ್ತಿದ್ರೆ ಕೇಳಿಸ್ಕೊಳ್ಳೋರು ಯಾರು? ಈ ಒಲೆಗೆ ಒಳಗೆ ತಂತಿ ಅದಲು ಬದಲು ಮಾಡಿರೋ ಕೇಬಲ್ಲೇ ಬೇಕು.”

“ಅಂಥದ್ದು ಇದೆಯಾ?”

“ಮಾಸ್ತರು ಒಂದು ಮಾಡಿದ್ರು. ಕೈಯಲ್ಲೇ ಬೆಸುಗೆ ಹಾಕಿ. ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಒಲೆ ಕೋಣೆಯ ಗೂಟಕ್ಕೆ ನೇತು ಹಾಕಿರ್ತಿದ್ರು.”

“ಮತ್ತೆ ಈಗ ಎಲ್ಲಿ?” ಎಂದರು ಮ್ಯಾನೇಜರ್.

ಅಕ್ಕ ಮತ್ತೆ ನೆಲ ನೋಡಿದಳು. ನನಗೆ ರೇಗಿತು. ಅವಳ ಪರವಾಗಿ ನಾನೇ ಬಾಯಿ ಹಾಕಿದೆ. “ಎಲ್ಲಿರುತ್ತೆ ಸರ್? ಒಲೆ ಕಾಯಿಸಿದವರೇ ಆಮೇಲೆ ಕಿತ್ತು ಮುಚ್ಚಿಟ್ಟಿದಾರೆ. ನಾನು ಮೊನ್ನೆಯೇ ಆ ಕೋಣೇಲಿ ನೋಡಿದೀನಿ, ಗೂಟದಲ್ಲಿ ಏನೂ ಇರಲಿಲ್ಲ.”

ಪಾಸ್‌ವರ್ಡ್ ತನ್ನ ಕೇಬಲ್ಲನ್ನು ನಿಧಾನವಾಗಿ ಸುತ್ತುತ್ತಿದ್ದ. “ಏನೋಪ್ಪ,” ಎಂದ. “ಹಾಗೆ ವೈರಿಂದ ಆರ್ಡರ್ ಹೋಗಿದ್ರೆ ಕೀಂಯ್ ಕೀಂಯ್ ಅಂತಿತ್ತಲ್ಲ? ಪಕ್ಕದಲ್ಲೇ ಕೂತಿದ್ದ ಮಾಸ್ತರಿಗೆ ಕೇಳಿಸ್ತಿರಲಿಲ್ವಾ?”

ಅಕ್ಕ ತಲೆಯೆತ್ತಿದಳು. ಅವಳ ಕಣ್ಣು ನೋಡಿಯೇ ನನಗೆ ಗೊತ್ತಾಯಿತು, ಇವನು ಎಲ್ಲೋ ಕಾಲು ಜಾರಿದ್ದಾನೆ ಎಂದು.

“ಒಲೆ ಹಾಗೆ ಕೂಗುತ್ತಾ ಅಕ್ಕಾ?”

“ಒಲೆ ಕೂಗಲ್ಲ. ಮಾಸ್ತರ ಕೇಬಲ್ ಕೂಗುತ್ತೆ.” ಅಕ್ಕನ ದನಿ ಈಗ ಗಟ್ಟಿಯಾಗಿತ್ತು. “ದೂರದಿಂದ ಯಾರೋ ಒಲೆ ಮುಟ್ಟೋದು ಅವರಿಗೆ ಇಷ್ಟ ಇರಲಿಲ್ಲ. ಯಾರಾದ್ರೂ ಮುಟ್ಟಿದ್ರೆ ನಂಗೆ ಗೊತ್ತಾಗ್ಬೇಕು ಅಂತ ಆ ಟ್ಯೂಬಿನ ಒಳಗೆ ಚಿಕ್ಕ ಪೀಪಿ ಸೇರಿಸಿದ್ರು. ಅದು ಬೇರೆ ಯಾವ ಕೇಬಲ್ಲಲ್ಲೂ ಇಲ್ಲ.”

ನಾನು ಪಾಸ್‌ವರ್ಡ್ ಕಡೆಗೆ ತಿರುಗಿದೆ. ಇಂಥ ಗಳಿಗೆಗಾಗಿಯೇ ನಾನು ಈ ಕೆಲಸದಲ್ಲಿರುವುದು. “ನಿಮ್ಮ ಹತ್ರ ಒಲೆ ಒಂದು ಸಲನೂ ಮಾತಾಡಿಲ್ಲ ಅಂದ್ರಿ. ಹಾಗಾದ್ರೆ ಕೀಂಯ್ ಅನ್ನೋದು ನಿಮಗೆ ಹೇಗೆ ಗೊತ್ತು?”

ಅವನ ಕೈ ಕೇಬಲ್ ಸುತ್ತುವುದನ್ನು ನಿಲ್ಲಿಸಿತು. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಅವನನ್ನು ದಿಟ್ಟಿಸಿದರು. ಒಲೆಯ ಮೇಲೆ, ಗಟ್ಟಿಯ ಈಗಿನ ಬಿಸಿ ತೋರಿಸುವ ಕೆಳಸಾಲಿನ ಅಂಕಿಗಳು ಮೆಲ್ಲಗೆ ಏರುತ್ತಿದ್ದವು.

“ಹೇಳ್ರೀ. ಬಾಯಿಗೆ ಬೀಗ ಬಿತ್ತಾ?”

“ಇಲ್ಲ ಮೇಡಮ್. ಹೇಳೋಕೆ ಸಂಕೋಚ ಅಷ್ಟೇ.” ಅವನ ಮುಖದಲ್ಲಿ ಮತ್ತೆ ಆ ಬೆಲ್ಲದ ನಗೆ ಬಂದಿತ್ತು. “ಕಾರಿಡಾರಲ್ಲಿ ಹೋಗ್ತಿದ್ದಾಗ ಕೇಳಿಸಿದ್ದೆ. ಒಳಗೆ ನಿಮ್ಮಕ್ಕನೂ ಮಾಸ್ತರೂ ಇದ್ರು. ಕಂಪ್ಯೂಟರ್ ಮುಂದೆ ಕೂತಿದ್ದದ್ದು ನಿಮ್ಮಕ್ಕ. ಕೇಳಿ ಬೇಕಾದ್ರೆ.”

“ಅಕ್ಕಾ?”

“ಹೌದು,” ಎಂದಳು ಅಕ್ಕ ಸಣ್ಣಗೆ. “ಟ್ರಯಲ್ ಮಾಡಿದ್ವಿ. ಮಾಸ್ತರು ಕೇಬಲ್ ಮಾಡಿಕೊಟ್ರು, ಏನೇನು ಬರೆದು ಕಳಿಸ್ಬೇಕು ಅಂತ ನಾನು ಕಲಿತ್ಕೊಂಡೆ.”

“ಅಂದ್ರೆ,” ಪಾಸ್‌ವರ್ಡ್ ಮ್ಯಾನೇಜರ್ ಕಡೆಗೆ ತಿರುಗಿ, ವಿಷಾದದಿಂದ ಎಂಬಂತೆ ಹೇಳಿದ, “ಒಲೆಗೆ ವೈರಿಂದ ಹೇಳೋದು ಹೇಗೆ ಅಂತ ಈ ಕಟ್ಟಡದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬರು ಆಸ್ಪತ್ರೇಲಿದಾರೆ. ಸರ್, ಇಷ್ಟು ಹೊತ್ತು ನಾವೆಲ್ಲ ಇದು ಮರೆವು ಅಂತ ತಿಳ್ಕೊಂಡಿದ್ವಿ. ಮರೆವಲ್ಲ, ಬೇಕಂತಲೇ ಮಾಡಿದ್ದು ಅಂತ ತೋರಿಸಿಕೊಟ್ಟಿದ್ದು ಈ ಮೇಡಮ್ಮೇ.”

ಅವನು ಹೇಳಿದ್ದು ನಿಜವಾಗಿತ್ತು. ಬೆಳಿಗ್ಗೆ ಅಕ್ಕನ ಮೇಲಿದ್ದದ್ದು ಅಜಾಗರೂಕತೆಯ ಆರೋಪ. ಜೈಲಿಗೆ ಹೋದರೂ ಹಿಂತಿರುಗಿ ಬರಬಹುದಾದ ಆರೋಪ. ನಾನು ಮೂಗು ತೂರಿಸಿ, ಜಾಣತನ ಮೆರೆದು, ಅದನ್ನು ಕೊಲೆಯ ಪ್ರಯತ್ನ ಮಾಡಿಟ್ಟಿದ್ದೆ.

“ಒಲೆ ಕೋಣೆಯ ಕಂಪ್ಯೂಟರ್ ಆಫೀಸಿನ ಎಲ್ಲ ಕಂಪ್ಯೂಟರ್‌ಗೂ ಸೇರಿದೆ ಅಲ್ವಾ?” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. “ಯಾವ ಕುರ್ಚಿಯಿಂದ ಬೇಕಾದ್ರೂ ಕಳಿಸಬಹುದು. ಅಕ್ಕ ಶಾಲೆ ಗೇಟಿನ ಹತ್ರ ನಿಂತಿದ್ಲು!”

“ಕಳಿಸಬಹುದು,” ಎಂದ ಪಾಸ್‌ವರ್ಡ್. “ಆದ್ರೆ ಮೊದಲು ಯಾರಾದ್ರೂ ಆ ಕೇಬಲ್ ಸಿಕ್ಕಿಸಿರಬೇಕಲ್ಲ? ಮುಂಚೆಯೇ ಸಿಕ್ಕಿಸಿಟ್ಟು, ಹೊರಗಿನಿಂದ ಫೋನಲ್ಲೂ ನಡೆಸಬಹುದು. ಯಾರ ಹತ್ರ ಕೇಬಲ್ ಇದೆಯೋ ಅವರೇ.”

ಆಗ ನಾನು ಜೀವಮಾನದ ತಪ್ಪು ಮಾಡಿದೆ. ಕೋಪ ಬಂದಾಗ ನನಗೆ ಹಿಂದುಮುಂದು ಕಾಣುವುದಿಲ್ಲ.

“ಸರಿ!” ಎಂದು ಮೇಜು ಗುದ್ದಿದೆ. “ಯಾರ ಹತ್ರ ಸಿಗುತ್ತೋ ಅವರೇ ಮಾಡಿದ್ದು. ಎಲ್ಲರ ಮೇಜು, ಎಲ್ಲರ ಬ್ಯಾಗು ಹುಡುಕಿಸಿ ಸರ್. ಒಬ್ಬರನ್ನೂ ಬಿಡಬೇಡಿ. ನನ್ನ ಬ್ಯಾಗಿನಿಂದಲೇ ಶುರು ಮಾಡಿ!”

“ಅದೂ ನ್ಯಾಯವೇ,” ಎಂದರು ಮ್ಯಾನೇಜರ್. ಕಿಟಕಿಯಾಚೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. “ಇನ್ಸ್‌ಪೆಕ್ಟರೂ ಬಂದ್ರು. ಅವರ ಎದುರಿಗೇ ಆಗಲಿ. ಯಾರೂ ಹೊರಗೆ ಹೋಗಬೇಡಿ.”

ಅವರು ಪಾಸ್‌ವರ್ಡನ್ನು ಕರೆದುಕೊಂಡು ಇನ್ಸ್‌ಪೆಕ್ಟರನ್ನು ಎದುರುಗೊಳ್ಳಲು ಹೊರಬಾಗಿಲಿಗೆ ಹೋದರು. ನಾನು ಒಲೆಯ ಸ್ವಿಚ್ ಆರಿಸಿದೆ. ಅಕ್ಕ ಕುರ್ಚಿಯಲ್ಲಿ ಕುಸಿದಿದ್ದಳು. ಹಣೆಯ ತುಂಬ ಬೆವರು, ತುಟಿ ಒಣಗಿ ಬೆಳ್ಳಗಾಗಿತ್ತು.

“ನೀರು ಕೊಡ್ಲಾ?”

ಅವಳ ಬ್ಯಾಗು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಎತ್ತಿ ಹೆಗಲಿಗೆ ಹಾಕಿಕೊಂಡು, ಜಿಪ್ ಎಳೆದು, ನೀರಿನ ಬಾಟಲಿಗೆ ಕೈಹಾಕಿದೆ. ಅವಳ ಮಗಳದ್ದು, ಆನೆಮರಿಯ ಚಿತ್ರದ ಬಾಟಲಿ. ಗಡಿಬಿಡಿಯಲ್ಲಿ ಯಾವಾಗಲೂ ಅದನ್ನೇ ಎತ್ತಿಕೊಂಡು ಬರುತ್ತಾಳೆ.

ಬಾಟಲಿಯ ಕೆಳಗೆ ನನ್ನ ಬೆರಳಿಗೆ ರಬ್ಬರು ತಾಗಿತು.

ಸೈಕಲ್ ಟ್ಯೂಬಿನ ರಬ್ಬರು. ಅದರೊಳಗೆ ಗೋಲಿಯಷ್ಟು ದಪ್ಪಕ್ಕೆ ಏನೋ ಗಂಟು. ಅಲ್ಲಿಂದ ಮುಂದಕ್ಕೆ, ಸುತ್ತಿ ಸುತ್ತಿ ಇಟ್ಟ ತಂತಿ.

ಕೈ ಒಳಗೇ ಉಳಿಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಆಶ್ಚರ್ಯವಿರಲಿಲ್ಲ, ಅದೇ ನನ್ನನ್ನು ಸಾಯಿಸಿತು.

“ಅದನ್ನ ಹೊರಗೆ ತೆಗೀಬೇಡ,” ಎಂದಳು ಪಿಸುದನಿಯಲ್ಲಿ.

“ಅಕ್ಕಾ... ಇದು ನಿನ್ನ ಹತ್ರ ಹೇಗೆ?”

“ಮಾಸ್ತರು ಕೊಟ್ಟಿದ್ದು. ನಾನು ವಾಪಸ್ ಬಂದಾಗ ನೆಲದ ಮೇಲೆ ಬಿದ್ದಿದ್ರು, ಇದು ಅವರ ಮುಷ್ಟೀಲಿತ್ತು. ನನ್ನ ಕೈಗೆ ತುರುಕಿ, ಯಾರಿಗೂ ತೋರಿಸ್ಬೇಡ ತಾಯಿ ಅಂದ್ರು. ಅಷ್ಟೇ ಮಾತು. ಆಮೇಲೆ ಮಾತೇ ನಿಂತೋಯ್ತು.”

“ನಂಗೂ ಹೇಳಲಿಲ್ವಲ್ಲೇ!”

“ಮಾತು ಕೊಟ್ಟಿದ್ದೆ ಕಣೇ.” ಅವಳ ಕಣ್ಣು ತುಂಬಿತು. “ಕಿತ್ತವರು ಅವರೋ, ಸಿಕ್ಕಿಸಿದವರೂ ಅವರೋ, ನಂಗೊತ್ತಿಲ್ಲ. ಅವರು ಎದ್ದು ಹೇಳೋವರೆಗೂ ನಾನು ಹೇಳೋ ಹಾಗಿಲ್ಲ.”

ಅವಳಿಗೆ ಎರಡು ಬಾರಿಸಬೇಕು ಎನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನಿಸಿತು. ಎರಡಕ್ಕೂ ಹೊತ್ತಿರಲಿಲ್ಲ. ಬೂಟುಗಳ ಸದ್ದು ಬಾಗಿಲಿಗೆ ಬಂದಿತ್ತು. ಜಿಪ್ ಎಳೆದೆ.

ಇನ್ಸ್‌ಪೆಕ್ಟರ್ ದಪ್ಪ ಮೀಸೆಯ, ನಿದ್ದೆಗೆಟ್ಟ ಮುಖದ ಮನುಷ್ಯ. ಒಳಗೆ ಬಂದವರೇ ಒಲೆಯನ್ನೂ ನಮ್ಮನ್ನೂ ಒಟ್ಟಿಗೆ ನೋಡಿದರು. ಮ್ಯಾನೇಜರ್ ದಾರಿಯಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಂತಿತ್ತು.

“ಹುಡುಕಾಟ ಅಂದ್ರಲ್ಲ, ಯಾರಿಂದ ಶುರು?”

“ಮೇಡಮ್ ತಮ್ಮಿಂದಲೇ ಅಂದಿದಾರೆ,” ಎಂದ ಪಾಸ್‌ವರ್ಡ್.

ಅವನು ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ನನ್ನ ಸ್ವಂತ ಬ್ಯಾಗು ಕಿಟಕಿಯ ಬಳಿ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು, ಅದನ್ನೂ ನೋಡಲಿಲ್ಲ. ಅವನ ಕಣ್ಣು ನೇರವಾಗಿ ನನ್ನ ಹೆಗಲ ಮೇಲಿನ ಅಕ್ಕನ ಬ್ಯಾಗಿನ ಮೇಲೆ ಹೋಗಿ ಕೂತಿತ್ತು. ಒಳಗೆ ಏನಿದೆ ಎಂದು ಬಲ್ಲವನ ಹಾಗೆ.

ಇವನಿಗೆ ಗೊತ್ತಿದೆ. ಇವನಿಗೆ ಮೊದಲಿನಿಂದಲೂ ಗೊತ್ತಿದೆ. ಮಾಸ್ತರು ಅದನ್ನು ಅಕ್ಕನ ಕೈಗೆ ತುರುಕಿದ್ದನ್ನು ಇವನು ಎಲ್ಲಿ ನಿಂತು ನೋಡಿದ? ಅಂದರೆ ಅವರು ಉಸಿರಿಗೆ ಒದ್ದಾಡುತ್ತಿದ್ದಾಗ ಇವನು ಅಲ್ಲೇ ಇದ್ದನೇ, ಬಾಗಿಲು ತೆರೆಯದೆ?

“ಕೊಡಿಮ್ಮ,” ಇನ್ಸ್‌ಪೆಕ್ಟರ್ ಕೈ ಚಾಚಿದರು. “ಈ ಬ್ಯಾಗು ನಿಮ್ಮದೇನಾ?”

ಅಕ್ಕ ಕುರ್ಚಿ ಹಿಡಿದು ಎದ್ದಳು. ಅವಳು ಬಾಯಿ ತೆರೆದದ್ದು ನನಗೆ ಕಂಡಿತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನನಗೆ ಬರುತ್ತದೆ.

“ಹೌದು,” ಎಂದೆ. “ನನ್ನದೇ.”

ಇನ್ಸ್‌ಪೆಕ್ಟರ್ ಬ್ಯಾಗನ್ನು ಮೇಜಿನ ಮೇಲಿಟ್ಟು ಜಿಪ್ ಎಳೆದರು. ಮೊದಲು ಹೊರಗೆ ಬಂದದ್ದು ಆನೆಮರಿಯ ಚಿತ್ರದ ಬಾಟಲಿ, ಅದರ ಮೇಲೆ ಅಕ್ಕನ ಮಗಳ ಹೆಸರು, ಹೆಸರಿನ ಕೆಳಗೆ ಅಕ್ಕನ ಹೆಸರು.